ಸಂಬಳದ ಚೀಟಿಯಲ್ಲಿ ಕಾಣದ 417 ರೂಪಾಯಿ: ಗಾರ್ಮೆಂಟ್ಸ್ ಕಾರ್ಮಿಕರಿಗೆ ಯೂನಿಯನ್ ಬೇಕಾಗುವುದು ಯಾವಾಗ?

ಬೆಂಗಳೂರು: 2020ರ ಏಪ್ರಿಲ್ 1ರಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರ ಸಂಬಳ ತಿಂಗಳಿಗೆ 417 ರೂಪಾಯಿ ಏರಬೇಕಿತ್ತು. ಏರಲಿಲ್ಲ. ಲಾಕ್‌ಡೌನ್ ಮುಗಿಸಿ ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತ ಮಹಿಳೆಯರ ಕೈಗೆ ಹಳೆಯ ಸಂಬಳವೇ ಬಂತು. ಹಿಂದಿನ ತಿಂಗಳಿಗಿಂತ ಕಡಿಮೆಯಾದರೆ ಯಾರಾದರೂ ಕೇಳುತ್ತಾರೆ. ಏರಬೇಕಾದದ್ದು ಏರದಿದ್ದರೆ ಕೇಳಬೇಕು ಅನ್ನಿಸುವುದೇ ಇಲ್ಲ. ಯೂನಿಯನ್ ಎಂದರೆ ಮುಷ್ಕರ, ಘೋಷಣೆ, ಬಾವುಟ ಎಂದುಕೊಂಡವರು ಈ 417 ರೂಪಾಯಿಯ ಕಥೆಯನ್ನು ಗಮನಿಸಬೇಕು.

ಕನಿಷ್ಠ ವೇತನದಲ್ಲಿ ಎರಡು ಭಾಗವಿದೆ: ಮೂಲ ವೇತನ ಮತ್ತು ತುಟ್ಟಿಭತ್ಯೆ. ಮೂಲ ವೇತನವನ್ನು ಸರ್ಕಾರ ಕೆಲವು ವರ್ಷಗಳಿಗೊಮ್ಮೆ ಪರಿಷ್ಕರಿಸುತ್ತದೆ. ತುಟ್ಟಿಭತ್ಯೆ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಏರುತ್ತದೆ. ಹಾಗಾಗಿ ಇದು ಮಾಲೀಕರು ಮನಸ್ಸು ಮಾಡಿ ಕೊಡುವ ಇನ್‌ಕ್ರಿಮೆಂಟ್ ಅಲ್ಲ, ಅಕ್ಕಿ, ಬೇಳೆ, ಎಣ್ಣೆಯ ದರ ಏರಿದ್ದಕ್ಕೆ ಕಾನೂನು ಕೊಡಿಸುವ ಪರಿಹಾರ. 2020ರ ಜುಲೈನಲ್ಲಿ ರಾಜ್ಯ ಸರ್ಕಾರ ಕೋವಿಡ್ ಕಾರಣ ನೀಡಿ ಆ ವರ್ಷದ ಏರಿಕೆಯನ್ನು ಮುಂದೂಡಿತು. ವಿಷಯ ಹೈಕೋರ್ಟ್‌ಗೆ ಹೋಗಿ, ಸೆಪ್ಟೆಂಬರ್‌ನಲ್ಲಿ ಸರ್ಕಾರದ ಆದೇಶಕ್ಕೆ ತಡೆ ಬಿತ್ತು. ಆದರೂ ಹಣ ಬರಲಿಲ್ಲ. ಅಂತಾರಾಷ್ಟ್ರೀಯ ಸಂಸ್ಥೆ ವರ್ಕರ್ ರೈಟ್ಸ್ ಕನ್ಸೋರ್ಟಿಯಂ ಲೆಕ್ಕದ ಪ್ರಕಾರ ಹೀಗೆ ವಂಚಿತರಾದವರು ಸುಮಾರು 4 ಲಕ್ಷ ಮಂದಿ. ಇಪ್ಪತ್ತು ತಿಂಗಳಿಗೆ ಗುಣಿಸಿದರೆ ಒಬ್ಬೊಬ್ಬರಿಗೆ 8,340 ರೂಪಾಯಿ, ಹೆಚ್ಚೂಕಡಿಮೆ ಒಂದು ತಿಂಗಳ ದುಡಿಮೆ. 2022ರ ಆರಂಭದಲ್ಲಿ ದೊಡ್ಡ ರಫ್ತು ಕಂಪನಿಗಳು ಬಾಕಿ ಪಾವತಿಗೆ ಮುಂದಾದವು. ವಿದೇಶಿ ಬ್ರ್ಯಾಂಡ್‌ಗಳ ಮೇಲೆ ಬಿದ್ದ ಒತ್ತಡವೂ ಅದಕ್ಕೆ ಕಾರಣ.

ಆದರೆ ಬಾಕಿ ಕೇಳಬೇಕಾದರೆ ಮೊದಲು ಬಾಕಿ ಇದೆ ಎಂದು ಗೊತ್ತಿರಬೇಕಲ್ಲ? ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುವ ಸಂಬಳದ ಚೀಟಿಯನ್ನು ಒಬ್ಬೊಬ್ಬರ ಮುಂದೆ ಹರಡಿ, ಇದು ಮೂಲ ವೇತನ, ಇದು ತುಟ್ಟಿಭತ್ಯೆ, ಇಲ್ಲಿ ಪಿಎಫ್‌ಗೆ ಶೇ 12 ಕಡಿತವಾಗಿದೆ, ಇಲ್ಲಿ ಇಎಸ್‌ಐಗೆ ಶೇ 0.75 ಹೋಗಿದೆ ಎಂದು ಬೆರಳಿಟ್ಟು ತೋರಿಸುವ ಕೆಲಸ ಯಾರದ್ದು? ಸ್ಥಳೀಯ ಯೂನಿಯನ್‌ನದ್ದೇ. ಇನ್ನೊಂದು ತೊಡಕೂ ಇತ್ತು. ನಡುವೆ ಕೆಲಸ ಬಿಟ್ಟು ಊರಿಗೆ ಹೋದವರಿಗೂ ಅವರು ದುಡಿದ ತಿಂಗಳುಗಳ ಬಾಕಿ ಸಲ್ಲಬೇಕು. ಅವರ ಹೆಸರು, ಬದಲಾದ ಫೋನ್ ನಂಬರ್ ಬರೆದಿಟ್ಟ ಒಂದು ರಿಜಿಸ್ಟರ್ ಇಲ್ಲದೆ ಅವರಿಗೆ ತಿಳಿಸುವುದು ಹೇಗೆ?

ಯೂನಿಯನ್‌ಗಿಂತ ಮೊದಲು ಬೀದಿಗೆ ಬಂದ ಸುದ್ದಿ

ತಿಳಿಸುವವರೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ನಾಲ್ಕು ವರ್ಷ ಮೊದಲೇ ಕಂಡಿತ್ತು. 2016ರ ಫೆಬ್ರುವರಿ 10ರಂದು ಕೇಂದ್ರ ಕಾರ್ಮಿಕ ಸಚಿವಾಲಯ ಪಿಎಫ್ ನಿಯಮ ಬದಲಿಸಿತು. ಕೆಲಸ ಬಿಟ್ಟವರು ತಮ್ಮ ಪಾಲು ಮತ್ತು ಅದರ ಬಡ್ಡಿಯನ್ನಷ್ಟೇ ಪಡೆಯಬಹುದು, ಮಾಲೀಕರ ಪಾಲು 58 ವರ್ಷ ತುಂಬಿದ ಮೇಲೆ ಎಂಬುದು ಆದೇಶದ ಸಾರ. ಇದು ಇಡೀ ದೇಶಕ್ಕೆ ಅನ್ವಯಿಸಿತ್ತು. ಚೆನ್ನೈ, ಪುಣೆಯ ಕಾರ್ಮಿಕರಿಗೂ ಅದೇ ನಿಯಮ. ಸಿಡಿದದ್ದು ಮಾತ್ರ ಬೆಂಗಳೂರು.

ಅದಕ್ಕೆ ಕಾರಣವಿದೆ. ಗಾರ್ಮೆಂಟ್ಸ್‌ನಲ್ಲಿ 58 ವರ್ಷದವರೆಗೆ ದುಡಿಯುವವರು ತೀರಾ ವಿರಳ. ಕೆಲವು ವರ್ಷ ಹೊಲಿದು, ಕೆಲಸ ಬಿಟ್ಟು, ಪಿಎಫ್ ತೆಗೆದು ಮಗಳ ಮದುವೆ, ಶಾಲೆ ಫೀಸು, ಕೈಸಾಲ ತೀರಿಸಿ ಮತ್ತೊಂದು ಕಾರ್ಖಾನೆ ಸೇರುವುದು ಇಲ್ಲಿನ ರೂಢಿ. ಪಿಎಫ್ ಎಂದರೆ ಅವರ ಪಾಲಿಗೆ ನಿವೃತ್ತಿ ಹಣವಲ್ಲ, ಆಪತ್ತಿನ ಗಂಟು. ಆದೇಶ ಹೊರಬಿದ್ದು ಎರಡು ತಿಂಗಳ ಮೇಲೆ ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಏಪ್ರಿಲ್ 18ರಂದು ಬೊಮ್ಮನಹಳ್ಳಿ ಕಡೆಯಿಂದ ಹೊಸೂರು ರಸ್ತೆಗೆ ಇಳಿದ ಮಹಿಳೆಯರ ಹಿಂದೆ ಮರುದಿನ ಇತರ ಕೈಗಾರಿಕಾ ಪ್ರದೇಶಗಳವರೂ ಬಂದರು. ಮುಂದೆ ನಿಂತು ಕರೆಕೊಟ್ಟ ಯೂನಿಯನ್ ಇರಲಿಲ್ಲ. ಹೆಬ್ಬಗೋಡಿಯಲ್ಲಿ ವಾಹನಗಳು ಸುಟ್ಟವು, ಲಾಠಿ ಪ್ರಹಾರ ನಡೆಯಿತು. 19ರ ಸಂಜೆ ಹೊತ್ತಿಗೆ ಅಂದಿನ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆದೇಶ ವಾಪಸ್ ಪಡೆಯುವುದಾಗಿ ಪ್ರಕಟಿಸಿದರು.

ಇದನ್ನು ಗೆಲುವು ಎನ್ನುವವರಿದ್ದಾರೆ, ಅದು ಸುಳ್ಳಲ್ಲ. ಆದರೆ ಫೆಬ್ರುವರಿಯಲ್ಲೇ ಗೇಟ್ ಮುಂದೆ ಒಂದು ಕನ್ನಡದ ಕರಪತ್ರ ಹಂಚಿ ಆದೇಶದ ಅರ್ಥ ಬಿಡಿಸಿ ಹೇಳಿದ್ದರೆ, ಏಟು ತಿಂದು, ಕೇಸು ಹಾಕಿಸಿಕೊಳ್ಳದೆಯೂ ಇದೇ ಬೇಡಿಕೆ ದೆಹಲಿ ತಲುಪುವ ಸಾಧ್ಯತೆಯಾದರೂ ಇರುತ್ತಿತ್ತು.

ಒಳಗೆ ಫೋನ್ ಇಲ್ಲ, ಹೊರಗೆ ಸಮಯವಿಲ್ಲ

ಹೇಳುವುದು ಸುಲಭ. ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್, ಗಾರ್ಮೆಂಟ್ ಲೇಬರ್ ಯೂನಿಯನ್, ಕರ್ನಾಟಕ ಗಾರ್ಮೆಂಟ್ ವರ್ಕರ್ಸ್ ಯೂನಿಯನ್ ಹೀಗೆ ಸಂಘಟನೆಗಳೇನೋ ಇವೆ. ಕಾರ್ಮಿಕರ ಸಂಖ್ಯೆಗೆ ಹೋಲಿಸಿದರೆ ಸದಸ್ಯರು ಕಡಿಮೆ. ಎಷ್ಟೋ ಕಾರ್ಖಾನೆಗಳಲ್ಲಿ ಹೊಲಿಗೆ ವಿಭಾಗಕ್ಕೆ ಮೊಬೈಲ್ ಒಯ್ಯುವಂತಿಲ್ಲ. ಸಂಜೆ ಗೇಟ್ ತೆರೆದರೆ ವ್ಯಾನ್ ಹಿಡಿಯುವ ಆತುರ, ಮನೆಯಲ್ಲಿ ನೀರು, ಅಡುಗೆ, ಮಕ್ಕಳು. ಯೂನಿಯನ್‌ನವರ ಜತೆ ನಿಂತು ಮಾತನಾಡಿದ್ದು ಸೂಪರ್‌ವೈಸರ್ ಕಣ್ಣಿಗೆ ಬಿದ್ದರೆ ಎಂಬ ಅಳುಕು ಬೇರೆ. ಹಾಗಾಗಿ ಮಾತುಕತೆ ನಡೆಯಬೇಕಾದದ್ದು ಭಾನುವಾರ ಮಧ್ಯಾಹ್ನ, ವಠಾರದ ಯಾರದ್ದಾದರೂ ಮನೆಯಲ್ಲಿ. ಓದಲು ಕಷ್ಟಪಡುವವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಉದ್ದದ ಸಂದೇಶಕ್ಕಿಂತ ಒಂದು ನಿಮಿಷದ ಧ್ವನಿ ಸಂದೇಶ ವಾಸಿ. ಒಡಿಶಾ, ಜಾರ್ಖಂಡ್‌ನಿಂದ ಬಂದು ಹಾಸ್ಟೆಲ್‌ಗಳಲ್ಲಿರುವ ಯುವತಿಯರಿಗೆ ಕನ್ನಡದ ಕರಪತ್ರ ಕಾಗದದ ಚೂರಷ್ಟೇ. ಮುಂಬೈಯಲ್ಲೋ ಹೈದರಾಬಾದಿನಲ್ಲೋ ಹೊಸದಾಗಿ ಕೆಲಸಕ್ಕೆ ಸೇರಿದ ಕನ್ನಡಿಗರಿಗೆ ಈ ಕಷ್ಟ ವಿವರಿಸಬೇಕಿಲ್ಲ.

ಸಹಿ ಹಾಕುವ ಮೊದಲು

ಯೂನಿಯನ್‌ನ ಬೆಂಬಲ ಹೆಚ್ಚು ಬೇಕಾಗುವ ಗಳಿಗೆ ಇನ್ನೊಂದಿದೆ. ಎಚ್‌ಆರ್ ಕೊಠಡಿಗೆ ಕರೆಸಿ, ‘ನೀನೇ ರಾಜೀನಾಮೆ ಕೊಟ್ಟರೆ ಮರ್ಯಾದೆ ಉಳಿಯುತ್ತೆ’ ಎಂಬ ಧಾಟಿಯಲ್ಲಿ ಕಾಗದ ಮುಂದಿಟ್ಟಾಗ. ಸಹಿ ಬಿದ್ದರೆ ಅದು ವಜಾ ಅಲ್ಲ, ಸ್ವಇಚ್ಛೆ. ಮುಂದೆ ಕಾರ್ಮಿಕ ಇಲಾಖೆಯಲ್ಲಿ ವಾದಿಸಲು ಹೆಚ್ಚೇನೂ ಉಳಿಯುವುದಿಲ್ಲ. ಸ್ಥಾಯಿ ಆದೇಶಗಳು ಅನ್ವಯಿಸುವ ಕಾರ್ಖಾನೆಯಲ್ಲಿ ಆರೋಪವಿದ್ದರೆ ವಿಚಾರಣೆ ನಡೆಯಬೇಕು. ವಿಚಾರಣೆ ಬಾಕಿಯಿದ್ದು ಅಮಾನತಿನಲ್ಲಿಟ್ಟರೆ ಮೊದಲ 90 ದಿನ ಅರ್ಧ ಸಂಬಳ ಜೀವನಾಧಾರ ಭತ್ಯೆಯಾಗಿ ಬರಬೇಕು. ವಿಳಂಬಕ್ಕೆ ಕಾರ್ಮಿಕರು ಕಾರಣರಲ್ಲದಿದ್ದರೆ ನಂತರ ಅದು ಶೇ 75. ಇಷ್ಟು ಗೊತ್ತಿದ್ದವರು ‘ನಾಳೆ ಹೇಳ್ತೀನಿ’ ಎಂದು ಹೊರಗೆ ಬಂದು ಫೋನ್ ಮಾಡುತ್ತಾರೆ. ಆ ಫೋನ್ ಎತ್ತುವವರು ಇರಬೇಕು, ಅಷ್ಟೇ.

ಪಿಎಫ್‌ಗಾಗಿ ಕೆಲಸ ಬಿಡುವವರಿಗೂ ಇದೇ ಮಾತು. ಐದು ವರ್ಷ ತುಂಬುವ ಮೊದಲೇ ಬಿಟ್ಟರೆ ಗ್ರಾಚ್ಯುಟಿ, ಅಂದರೆ ವರ್ಷಕ್ಕೆ 15 ದಿನದ ವೇತನದ ಲೆಕ್ಕದಲ್ಲಿ ಬರುವ ಹಣ, ಸಾಮಾನ್ಯವಾಗಿ ಕೈತಪ್ಪುತ್ತದೆ. ಅನಾರೋಗ್ಯ, ಮದುವೆ, ಮಕ್ಕಳ ಓದಿಗೆ ಕೆಲಸದಲ್ಲಿದ್ದುಕೊಂಡೇ ಪಿಎಫ್‌ನ ಒಂದು ಭಾಗ ಪಡೆಯಲು ಅವಕಾಶವಿದೆ. ನಾಲ್ಕೂವರೆ ವರ್ಷ ಹೊಲಿದು ರಾಜೀನಾಮೆ ಬರೆಯಲು ಹೊರಟವರಿಗೆ ಇದನ್ನು ಹೇಳುವುದರಿಂದ ಕಂಪನಿಗೆ ಲಾಭವೇನಿಲ್ಲ.

ಯೂನಿಯನ್‌ಗಳೂ ಉತ್ತರ ಕೊಡಬೇಕಾದ ಕಡೆ ಇದೆ. ಚಂದಾ ಪಡೆದ ಮೇಲೆ ಲೆಕ್ಕಪುಸ್ತಕ ನೋಡುವ ಹಕ್ಕು ಸದಸ್ಯರಿಗಿದೆ. 1926ರ ಕಾಯ್ದೆಯಲ್ಲೇ ಅದು ಸ್ಪಷ್ಟವಾಗಿತ್ತು. ಚಂದಾ ವಸೂಲಿಗೆ ಮಾತ್ರ ಬಂದು ಹೋಗುವ ಮುಖಂಡರನ್ನು ಕಾರ್ಮಿಕರು ಬೇಗ ಮರೆಯುತ್ತಾರೆ. ಸಂಸತ್ತು 2020ರಲ್ಲಿ ಅಂಗೀಕರಿಸಿದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಒಂದಕ್ಕಿಂತ ಹೆಚ್ಚು ಯೂನಿಯನ್ ಇರುವಲ್ಲಿ ಶೇ 51ರಷ್ಟು ಕಾರ್ಮಿಕರ ಬೆಂಬಲವಿರುವ ಯೂನಿಯನ್‌ಗೆ ಮಾತ್ರ ಏಕೈಕ ಸಂಧಾನಕಾರನ ಸ್ಥಾನ. ಹೆಸರಿಗಷ್ಟೇ ಇರುವ ಸದಸ್ಯತ್ವ ಇಲ್ಲಿ ನಡೆಯದು.

ಸದ್ಯಕ್ಕೆ ಕಾರ್ಮಿಕರು ತಾವೇ ಮಾಡಬಹುದಾದ ಕೆಲಸವೊಂದಿದೆ. ಮಾರ್ಚ್ ತಿಂಗಳ ಸಂಬಳದ ಚೀಟಿಯನ್ನು ಎಸೆಯದೆ ಇಟ್ಟುಕೊಳ್ಳುವುದು. ಏಪ್ರಿಲ್ ತಿಂಗಳ ಚೀಟಿ ಬಂದ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ತುಟ್ಟಿಭತ್ಯೆಯ ಸಾಲು ಬದಲಾಗಿದೆಯೇ ಎಂದು ನೋಡುವುದು. ಬದಲಾಗಿರದಿದ್ದರೆ ಅದನ್ನು ಯೂನಿಯನ್‌ನವರ ಕೈಗೆ ಕೊಡುವುದು.