ಆಹಾರದ ನಾರೂ ಮೈಯ ಬೊಜ್ಜೂ

ನಾರು ಎಂದೊಡನೆ ನಮ್ಮ ರೈತರ ಮನಸ್ಸಿಗೆ ಬರುವುದು ಕತ್ತಾಳೆ, ಪುಂಡಿ, ತೆಂಗಿನ ಮಟ್ಟೆ ಮೊದಲಾದ ಹಗ್ಗ ಹೊಸೆಯುವ ಪದಾರ್ಥಗಳು. ಊಟದಲ್ಲಿಯೂ ನಾರು ಇರಬೇಕೆಂದು ಹೇಳಿದರೆ, ಬಲಿತ ಹುರುಳಿಕಾಯಿಯ ಎಳೆಯನ್ನೋ ನುಗ್ಗೆಕಾಯಿಯ ಸಿಪ್ಪೆಯನ್ನೋ ನೆನೆದು, ಅದನ್ನು ಅಗಿದು ಉಗುಳಬೇಕಲ್ಲದೆ ನುಂಗುವುದೆಂತು ಎಂದು ಕೇಳುವವರೇ ಹೆಚ್ಚು. ವಿದ್ಯಾವಂತರಾದ ಯಜಮಾನರಲ್ಲಿಯೂ ಈ ತಪ್ಪು ತಿಳಿವಳಿಕೆಯು ಇರುವುದರಿಂದ ವಿಷಯವನ್ನು ಇಲ್ಲಿ ಸ್ವಲ್ಪ ವಿವರಿಸಲಾಗಿದೆ.

ಶಾಸ್ತ್ರಜ್ಞರು ಆಹಾರದ ನಾರೆಂದು ಕರೆಯುವುದು ಕಣ್ಣಿಗೆ ಕಾಣುವ ಎಳೆಯನ್ನು ಮಾತ್ರವಲ್ಲ. ಸಸ್ಯಾಹಾರದಲ್ಲಿದ್ದು, ನಮ್ಮ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಸಾಗತಕ್ಕ ಅಂಶಗಳು ಈ ಹೆಸರಿಗೆ ಸೇರುತ್ತವೆ. ಧಾನ್ಯಗಳಲ್ಲಿ ಇದರ ಬಹುಭಾಗವು ಕಾಳಿನ ಹೊರಪದರದಲ್ಲಿರುವುದು. ನುಣ್ಣನೆಯ ಮುದ್ದೆಯಲ್ಲಿ ಒಂದು ಎಳೆಯೂ ಕಾಣದಿದ್ದರೂ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರುಂಟು. ಜೋಳದಲ್ಲಿ ಸುಮಾರು 10 ಗ್ರಾಂ. ಇಡಿಯ ಗೋಧಿಹಿಟ್ಟಿನಲ್ಲಿ 11 ಗ್ರಾಂ. ಪಾಲಿಷ್ ಮಾಡಿದ ಬಿಳಿಯ ಅಕ್ಕಿಯಲ್ಲಾದರೋ 3 ಗ್ರಾಮಿಗೂ ಕಡಮೆ, ಮೈದಾಹಿಟ್ಟಿನಲ್ಲಿಯೂ ಅಷ್ಟೇ. ಈ ಅಂಕಗಳು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳಲ್ಲಿವೆ. ವಯಸ್ಕರಿಗೆ ದಿನವೊಂದಕ್ಕೆ 25 ಗ್ರಾಮಿಗೆ ಕಡಮೆಯಾಗದಂತೆ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರ ಅಭಿಪ್ರಾಯವು.

ಗೋಧಿಯು ಒಂದೇ, ಇಡಿಯಾಗಿ ಬೀಸಿದರೆ 11 ಗ್ರಾಂ, ಮೈದಾ ಮಾಡಿದರೆ 3 ಗ್ರಾಮಿಗೂ ಕಡಮೆ. ಉಳಿದುದೆಲ್ಲಿ ಹೋಯಿತು? ಬೂಸವಾಗಿ ಕೊಟ್ಟಿಗೆಗೆ ಹೋಯಿತು. ಅಕ್ಕಿಯ ತವುಡಿಗೂ ಇದೇ ಗತಿ. ಮನೆಯ ಒಳಗೆ ಉಣ್ಣುವವರಿಗಿಂತ ಹಿತ್ತಲಿನಲ್ಲಿ ಮೇಯುವವುಗಳಿಗೆ ಉತ್ತಮವಾದ ಭಾಗವು ದೊರೆಯುತ್ತಿದೆಯೆಂದರೆ ವಾಚಕರು ಕೋಪಿಸಬಾರದು.

ಇದಕ್ಕೂ ಬೊಜ್ಜಿಗೂ ಏನು ಸಂಬಂಧವೆಂದರೆ, ಮುಖ್ಯವಾದುದು ಹಸಿವು ತೀರುವ ಬಗೆ. 1977ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ವೈದ್ಯರು ಹತ್ತು ಮಂದಿ ಆರೋಗ್ಯವಂತರಿಗೆ ಸೇಬಿನ ಹಣ್ಣನ್ನು ಮೂರು ವಿಧವಾಗಿ ಕೊಟ್ಟು ನೋಡಿದರು: ಇಡಿಯ ಹಣ್ಣು, ಅರೆದ ಹಣ್ಣು, ನಾರು ತೆಗೆದ ರಸ. ಮೂರರಲ್ಲಿಯೂ ಮೈಗೆ ಸೇರತಕ್ಕ ಸಕ್ಕರೆಯು 60 ಗ್ರಾಂ. ರಸವನ್ನು ಕುಡಿದು ಮುಗಿಸಲು ಹಿಡಿದ ಕಾಲಕ್ಕೆ ಹನ್ನೊಂದರಷ್ಟು ಕಾಲವು ಇಡಿಯ ಹಣ್ಣಿಗೆ ಹಿಡಿಯಿತು. ಹೊಟ್ಟೆ ತುಂಬಿತೆಂಬ ತೃಪ್ತಿಯು ಹಣ್ಣಿನಿಂದ ಹೆಚ್ಚಾಗಿಯೂ, ಅರೆದುದರಿಂದ ಅದಕ್ಕಿಂತ ಕಡಮೆಯಾಗಿಯೂ, ರಸದಿಂದ ಅತ್ಯಲ್ಪವಾಗಿಯೂ ಉಂಟಾಯಿತು. ಕಬ್ಬನ್ನು ಹಲ್ಲಿನಿಂದ ಸಿಗಿದು ತಿನ್ನುವವನಿಗೂ, ಆಲೆಮನೆಯಲ್ಲಿ ನಿಂತು ಚೊಂಬುಗಟ್ಟಲೆ ಹಾಲು ಕುಡಿಯುವವನಿಗೂ ಇರುವ ಅಂತರವನ್ನು ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ನಾರುಳ್ಳ ಊಟವನ್ನು ಹೆಚ್ಚು ಹೊತ್ತು ಅಗಿಯಬೇಕು. ಅದು ನೀರನ್ನು ಹಿಡಿದು ಹೊಟ್ಟೆಯಲ್ಲಿ ಸ್ಥಳವನ್ನು ತುಂಬುತ್ತದೆ. ಆದರೂ ಅದರ ಗಾತ್ರಕ್ಕೆ ತಕ್ಕಷ್ಟು ಶಕ್ತಿಯನ್ನು ಮೈಗೆ ಸೇರಿಸುವುದಿಲ್ಲ. ಆದಕಾರಣ ಉಣ್ಣುವವನು ತಾನಾಗಿಯೇ ಕೈ ತೊಳೆಯುತ್ತಾನೆ.

ಈ ವಿಚಾರವನ್ನು ಲೋಕಕ್ಕೆ ಸಾರಿದವರಲ್ಲಿ ಮುಖ್ಯರು ಬರ್ಕಿಟ್, ಟ್ರೋವೆಲ್ ಎಂಬ ಇಬ್ಬರು ಬ್ರಿಟಿಷ್ ವೈದ್ಯರು. ಇವರು ಬಹುಕಾಲ ಆಫ್ರಿಕದ ಉಗಾಂಡದಲ್ಲಿ ಕೆಲಸ ಮಾಡಿದ್ದವರು. ನಮ್ಮ ರಾಗಿಯ ಮೂಲಸ್ಥಾನವೂ ಆ ಪೂರ್ವ ಆಫ್ರಿಕದ ಎತ್ತರದ ನಾಡುಗಳೇ ಎಂಬುದು ಸ್ವಾರಸ್ಯವಾದ ಸಂಗತಿ. ಅಲ್ಲಿಯ ಹಳ್ಳಿಗರಲ್ಲಿ ವಿರಳವಾಗಿದ್ದ ಬೊಜ್ಜು ಮೊದಲಾದ ವ್ಯಾಧಿಗಳು ತಮ್ಮ ದೇಶದಲ್ಲಿ ಹೇರಳವಾಗಿರುವುದಕ್ಕೆ ನಾರಿನ ಕೊರತೆಯು ಒಂದು ಕಾರಣವೆಂದು ಇವರು 1970ರ ದಶಕದಲ್ಲಿ ವಾದಿಸಿದರು. ಹಾಗೆಂದು ನಾರು ಬೊಜ್ಜನ್ನು ಕರಗಿಸುವ ಔಷಧವೆಂದು ಯಾರೂ ಭಾವಿಸತಕ್ಕದ್ದಲ್ಲ. 2019ರಲ್ಲಿ ನ್ಯೂಜಿಲೆಂಡಿನ ವಿದ್ವಾಂಸರು 58 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಾರು ಹೆಚ್ಚಾಗಿ ತಿಂದವರ ತೂಕವು ಕಡಮೆಯಾದುದು ನಿಜವೇ. ಆದರೆ ಸರಾಸರಿಯಲ್ಲಿ ಅರ್ಧ ಕಿಲೋಗ್ರಾಮಿಗೂ ಕಡಮೆ. ಮುದ್ದೆಯ ಮೇಲೆ ಸೌಟುಗಟ್ಟಲೆ ತುಪ್ಪವನ್ನು ಸುರಿದುಕೊಂಡು, ಗದ್ದೆಯ ಬದುವಿಗೂ ಮೋಟಾರು ಸೈಕಲ್ಲಿನಲ್ಲಿ ಹೋಗುವವರಿಗೆ ರಾಗಿಯೂ ಸಹಾಯ ಮಾಡಲಾರದು.

ಕರ್ನಾಟಕದಲ್ಲಿ ಎತ್ತರಕ್ಕೆ ಮೀರಿದ ತೂಕವುಳ್ಳ ಸ್ತ್ರೀಯರು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 23 ಮಂದಿ. 2019-21ರಲ್ಲಿ 30 ಮಂದಿ. ಪುರುಷರು 22ರಿಂದ 31ಕ್ಕೆ ಏರಿದ್ದಾರೆ. ಇದಕ್ಕೆ ಕಾರಣಗಳು ಅನೇಕವಿದ್ದರೂ, ಅನುಕೂಲವಂತರ ಮನೆಯಲ್ಲಿ ಮೈಗೆಲಸವು ತಗ್ಗಿ ಬಿಳಿಯ ಅನ್ನವು ಹೆಚ್ಚಿರುವುದನ್ನು ನಾವೆಲ್ಲರೂ ಕಂಡೇ ಇದ್ದೇವೆ. ರಾಗಿಯು ಕೂಲಿಯವರ ಊಟ, ಸಣ್ಣಕ್ಕಿಯ ಅನ್ನವು ದೊಡ್ಡವರ ಊಟ ಎಂಬ ಭಾವನೆಯು ಮದುವೆಯ ಪಂಕ್ತಿಗಳಲ್ಲಿ ಈಗಲೂ ಉಂಟು. ದೊಡ್ಡಮನೆಯ ಎಲೆಯಲ್ಲಿ ಬಡಿಸಿದುದನ್ನೇ ಊರಿನವರು ಮರ್ಯಾದೆಯ ಊಟವೆಂದು ಎಣಿಸುವರು.

ರಾಗಿಯ ವಿಷಯದಲ್ಲಿ ಪ್ರಕೃತಿಯೇ ನಮಗೆ ಉಪಕಾರ ಮಾಡಿದೆ. ಅದರ ಹೊರಪದರವು ಒಳಗಿನ ಮೆದುವಾದ ಭಾಗಕ್ಕೆ ಬಿಗಿಯಾಗಿ ಅಂಟಿರುವುದರಿಂದ ಸಾಧಾರಣ ಗಿರಣಿಯಲ್ಲಿ ಅಕ್ಕಿಯಂತೆ ಪಾಲಿಷ್ ಮಾಡಲಾಗದು. ಆದರೆ ಯಂತ್ರವು ಬಿಟ್ಟುದನ್ನು ಮನೆಯ ಜರಡಿಯು ಬಿಡುವುದಿಲ್ಲ. ಮುದ್ದೆಯು ನುಣುಪಾಗಲೆಂದು ಸಣ್ಣ ಜರಡಿಯಲ್ಲಿ ಹಿಡಿದು ತೌಡನ್ನು ಎಸೆಯುವ ರೂಢಿಯನ್ನು ಬಿಡಬೇಕು. ಎಳೆಯ ಮಕ್ಕಳ ರಾಗಿಸರಿಗೆ ಮಾತ್ರ ವಸ್ತ್ರಗಾಳಿತವೇ ಸರಿ. ಬೇಳೆಯ ಬದಲು ವಾರದಲ್ಲಿ ಕೆಲವು ದಿನ ಇಡಿಯ ಕಾಳನ್ನು ಬೇಯಿಸಬಹುದು. ಇಡಿಯ ಕಡಲೆಯಲ್ಲಿ 25 ಗ್ರಾಂ ನಾರಿದ್ದರೆ ಕಡಲೆಬೇಳೆಯಲ್ಲಿರುವುದು 15 ಗ್ರಾಂ. ಅನ್ನಕ್ಕೇ ಒಗ್ಗಿದವರು ಒಮ್ಮೆಲೇ ಬದಲಾಯಿಸಿದರೆ ಹೊಟ್ಟೆಯುಬ್ಬರವಾಗುವುದು. ಆದುದರಿಂದ ಕ್ರಮವಾಗಿ ಹೆಚ್ಚಿಸಿ, ನೀರನ್ನೂ ಹೆಚ್ಚಾಗಿ ಕುಡಿಯತಕ್ಕದ್ದು. ಕರುಳಿನ ವ್ಯಾಧಿಯುಳ್ಳವರು ವೈದ್ಯರನ್ನು ಕೇಳಿಯೇ ಮಾಡತಕ್ಕದ್ದು.

ಸಾಮೆ, ನವಣೆ, ಹಾರಕಗಳ ಅಕ್ಕಿ ಮಾಡುವ ಗಿರಣಿಗಳನ್ನು ಇಟ್ಟಿರುವ ಜಮೀನುದಾರರಿಗೆ ಒಂದು ಸೂಚನೆ. ಹೊಟ್ಟು ಬಿಟ್ಟ ಕೂಡಲೇ ಕಾಳು ತುಸು ಕಂದಾಗಿಯೋ ಹಳದಿಯಾಗಿಯೋ ಇರುವುದು. ಕೊಳ್ಳುವವರ ಕಣ್ಣಿಗೆ ಬೆಳ್ಳಗೆ ಕಾಣಲೆಂದು ಮತ್ತೊಂದೆರಡು ಸುತ್ತು ಹಾಕಿದರೆ ನಾರಿನ ಪದರವು ಹೋಗುವುದಲ್ಲದೆ ನುಚ್ಚೂ ಹೆಚ್ಚಾಗಿ ತೂಕವು ನಷ್ಟವಾಗುವುದು. ಮೊದಲನೆಯ ಸುತ್ತಿಗೇ ಯಂತ್ರವನ್ನು ನಿಲ್ಲಿಸಿ, ಪಾಲಿಷ್ ಮಾಡದ ಅಕ್ಕಿಯೆಂದು ಚೀಲದ ಮೇಲೆ ಬರೆಯಿಸಿ ಮಾರಬಹುದು. ಇಂತಹ ಅಕ್ಕಿಯು ಬೇಗ ಮುಗ್ಗುವುದರಿಂದ ತಿಂಗಳ ಖರ್ಚಿಗೆ ಬೇಕಾದಷ್ಟನ್ನೇ ಮಾಡಿಸಿ, ಉಳಿದುದನ್ನು ಹೊಟ್ಟಿನೊಡನೆಯೇ ಕಣಜದಲ್ಲಿರಿಸುವುದು ಒಳ್ಳೆಯದು.