ಗಿಟಾರಿಗೆ ಬಂದ ತತ್ವಪದ: ರಘು ದೀಕ್ಷಿತರ ಗಾಯನ

ಅಮೆರಿಕದ ಕಪ್ಪು ಜನರ ಚರ್ಚುಗಳ ಭಕ್ತಿಗಾಯನದಿಂದ ಕವಲೊಡೆದು ಲೌಕಿಕ ವೇದಿಕೆಗೆ ಬಂದ ಸಂಗೀತಕ್ಕೆ ‘ಸೋಲ್’ ಎಂದು ಹೆಸರು. 1990ರ ದಶಕದಲ್ಲಿ ಡಿ’ಆಂಜೆಲೊ, ಎರಿಕಾ ಬಾಡು ಮೊದಲಾದವರು ಆ ದನಿಗೆ ಹಿಪ್‌ಹಾಪ್ ಲಯವನ್ನು ಕೂಡಿಸಿ, ತಾವೇ ಕಟ್ಟಿದ ಪದಗಳನ್ನು ಹಾಡತೊಡಗಿದಾಗ ಅದು ‘ನಿಯೋ ಸೋಲ್’ ಎನಿಸಿಕೊಂಡಿತು. ಹಳೆಯ ಭಕ್ತಿಯ ದನಿ ಹೊಸ ವಾದ್ಯಗಳ ನಡುವೆ ಮರಳಿ ಕೇಳಿಸುವ ಇಂಥ ಪ್ರಯೋಗ ಕನ್ನಡದಲ್ಲಿಯೂ ನಡೆದಿದೆಯೇ? ಪ್ರಕಾರ ಅದೇ ಅಲ್ಲ. ಆದರೆ ಸಮೀಪದಲ್ಲಿ ನಿಲ್ಲಬಲ್ಲವರು ರಘು ದೀಕ್ಷಿತ್.

ನಮ್ಮ ರಾಜ್ಯದ ನಾಸಿಕದಲ್ಲಿಯೇ 1974ರಲ್ಲಿ ಹುಟ್ಟಿದ ಅವರು ಬೆಳೆದದ್ದು ಮೈಸೂರಿನಲ್ಲಿ. ಕಲಿತದ್ದು ಭರತನಾಟ್ಯ, ಓದಿದ್ದು ಸೂಕ್ಷ್ಮಜೀವಶಾಸ್ತ್ರ. ಕಾಲೇಜಿನ ಸಹಪಾಠಿಯೊಬ್ಬ ನೃತ್ಯವನ್ನು ಹಂಗಿಸಿದ್ದಕ್ಕೆ ಪಂತಕಟ್ಟಿ ಗಿಟಾರ್ ಕಲಿತೆನೆಂದು ಅವರೇ ಹೇಳಿಕೊಂಡಿದ್ದಾರೆ. ಬೆಲ್ಜಿಯಂನಲ್ಲಿ ಕೆಲಕಾಲ ಉದ್ಯೋಗ, ‘ಅಂತರಾಗ್ನಿ’ ಎಂಬ ತಂಡ, ಧ್ವನಿಮುದ್ರಿಕೆಗಾಗಿ ವರ್ಷಗಟ್ಟಲೆ ಅಲೆದಾಟ, ಇವೆಲ್ಲ ಕಳೆದು 2008ರಲ್ಲಿ ವಿಶಾಲ್–ಶೇಖರ್ ಜೋಡಿಯ ಸಂಸ್ಥೆಯಿಂದ ಮೊದಲ ಆಲ್ಬಂ ಹೊರಬಂದಿತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮ, ಮರುವರ್ಷ ಗ್ಲಾಸ್ಟನ್‌ಬರಿ ಉತ್ಸವ ಮತ್ತು ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ. ಲುಂಗಿಯುಟ್ಟು, ಗೆಜ್ಜೆ ಕಟ್ಟಿ ಹಾಡಿದ ಈ ಗಾಯಕನನ್ನು ಕನ್ನಡವರಿಯದ ಜನ ಕುಣಿಯುತ್ತ ಕೇಳಿದರು. ಸಿನಿಮಾ ಸಂಗೀತದ ವಿಚಾರ ಇಲ್ಲಿ ಬೇಡ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಮುಖ್ಯವಾದುದು ಬೇರೆ. ದೀಕ್ಷಿತರು ಸ್ವಂತ ಪದಗಳನ್ನೂ ಹಾಡಿದ್ದಾರೆ. ಆದರೆ ಅವರ ಕನ್ನಡ ಹಾಡುಗಳಲ್ಲಿ ಅತಿ ದೂರ ಸಾಗಿದವು ಶಿಶುನಾಳ ಷರೀಫರವು (1819–1889): ಮೊದಲ ಆಲ್ಬಂನ ‘ಗುಡುಗುಡಿಯ ಸೇದಿ ನೋಡೋ’, 2013ರ ‘ಜಗ್ ಚಂಗಾ’ದ ‘ಲೋಕದ ಕಾಳಜಿ’. ಸಿ. ಅಶ್ವತ್ಥರು ಷರೀಫರನ್ನು ಹಾರ್ಮೋನಿಯಂ, ತಬಲಾಗಳೊಡನೆ ಮನೆಮನೆಗೆ ಮುಟ್ಟಿಸಿಯಾಗಿತ್ತು. ಮತ್ತೆ ಹಾಡುವ ಅಗತ್ಯವೇನಿತ್ತು?

ಉತ್ತರ ತತ್ವಪದದ ಕಟ್ಟಡದಲ್ಲಿಯೇ ಇದೆ. ಗುಡುಗುಡಿಯ ಪದದಲ್ಲಿ ಹುಕ್ಕಾದ ಒಂದೊಂದು ಭಾಗವೂ ದೇಹ, ಮನಸ್ಸು, ಬುದ್ಧಿಗಳಿಗೆ ರೂಪಕವಾಗುತ್ತದೆ. ಚರಣದಲ್ಲಿ ಒಗಟು, ಪಲ್ಲವಿಯಲ್ಲಿ ಆಹ್ವಾನ. ನಮ್ಮ ಅಕ್ಕಲಕೋಟ ಸೀಮೆಯ ಭಜನೆಯನ್ನು ಕೇಳಿದವರಿಗೆ ಇದು ಗೊತ್ತು: ಮುಂದಿನವರು ಚರಣ ಹೇಳುತ್ತಾರೆ, ಹಿಮ್ಮೇಳ ಪಲ್ಲವಿಯನ್ನು ತಿರುತಿರುಗಿ ಎತ್ತಿಕೊಳ್ಳುತ್ತದೆ, ಆ ಪುನರಾವೃತ್ತಿಯ ನಡುವೆ ಒಗಟು ಬಿಡಿಸಿಕೊಳ್ಳಲು ಕೇಳುಗನಿಗೆ ಬಿಡುವು ಸಿಗುತ್ತದೆ. ಚರ್ಚಿನ ಗಾಯನದಲ್ಲಿಯೂ ಕರೆ–ಮರುಕರೆಯ ಇದೇ ಕ್ರಮವಿದೆ. ಸೋಲ್ ಸಂಗೀತ ಅದನ್ನು ಕೈಬಿಡಲಿಲ್ಲ. ದೀಕ್ಷಿತರ ಕಛೇರಿಯಲ್ಲಿ ಹಿಮ್ಮೇಳದ ಸ್ಥಾನವನ್ನು ಸಭಿಕರೇ ತುಂಬುತ್ತಾರೆ. ಆ ಮಟ್ಟಿಗೆ ಅವರು ಷರೀಫರಿಗೆ ನಿಷ್ಠರು.

ನಷ್ಟವೂ ಇಲ್ಲದಿಲ್ಲ. ಡ್ರಮ್ಮಿನ ವೇಗದಲ್ಲಿ ಪಲ್ಲವಿ ಗೆಲ್ಲುತ್ತದೆ, ಚರಣ ಹಿಂದೆ ಬೀಳುತ್ತದೆ. ಹುಕ್ಕಾ ಕೇಳಿಸುತ್ತದೆ, ದೇಹವೆಂಬ ಹುಕ್ಕಾ ಎಲ್ಲರಿಗೂ ಕೇಳಿಸುವುದೆಂಬ ಭರವಸೆ ನನಗಿಲ್ಲ. ಅನುಭಾವದ ಪದ ಬರಿಯ ಮೋಜಿನ ಹಾಡಾಗಿ ಉಳಿಯುವ ಅಪಾಯ ಇಲ್ಲಿದೆ. (ಹಾಗೆಂದು, ಅಚ್ಚಿನ ಪುಟದಲ್ಲಿ ಮೌನವಾಗಿ ಓದಿ ಪರೀಕ್ಷೆಗೆ ಟಿಪ್ಪಣಿ ಬರೆಯುವ ನಾವು ಕಳೆದುಕೊಳ್ಳುವುದು ಅದಕ್ಕಿಂತ ಕಡಿಮೆಯೇನಲ್ಲ.)

ಇನ್ನೊಂದು ವ್ಯತ್ಯಾಸ ಅಂಕಿತದ್ದು. ನಿಯೋ ಸೋಲ್ ಗಾಯಕರ ಹಾಡಿನಲ್ಲಿ ‘ನಾನು’ ಎಂದರೆ ಬಹುಮಟ್ಟಿಗೆ ಹಾಡುವವರೇ. ಅವರ ಹೆಸರು ಆಲ್ಬಂನ ಮೇಲೆ ಇರುತ್ತದೆ. ತತ್ವಪದದಲ್ಲಿ ಹೆಸರು ಹಾಡಿನ ಒಳಗೇ ಇರುತ್ತದೆ, ಅದೂ ದೇವರ ಹೆಸರಾಗಿ. ಸೊನ್ನಲಿಗೆಯ ಸಿದ್ಧರಾಮರು ಕಪಿಲಸಿದ್ಧಮಲ್ಲಿಕಾರ್ಜುನನನ್ನು ಕರೆದಂತೆ ಷರೀಫರು ಶಿಶುನಾಳಾಧೀಶನನ್ನು ಕರೆದರು. ಏಕತಾರಿಯಾಗಲಿ, ಗಿಟಾರಾಗಲಿ, ಕೊನೆಯ ಚರಣದವರೆಗೆ ಹಾಡುವವರು ಆ ಹೆಸರನ್ನು ಉಚ್ಚರಿಸಲೇಬೇಕು.