ಮೂರು ಹೆಸರಿನ ಮನುಷ್ಯ

ಮಂಡಕಳ್ಳಿಯ ವಿಮಾನ ನಿಲ್ದಾಣಕ್ಕೆ ಪ್ರಯಾಣ ಹೊರಟು ಹೋದವರು ಬಾಗಿಲಲ್ಲಿ ಮೊದಲು ತೋರಿಸಬೇಕಾದದ್ದು ಗುರುತಿನ ಚೀಟಿಯನ್ನು. ಅದರಲ್ಲಿ ಹೆಸರಿರುತ್ತದೆ, ಭಾವಚಿತ್ರವಿರುತ್ತದೆ. ಕಾವಲಿನವನಿಗೆ ಅಷ್ಟು ಸಾಕು. ಆದರೆ ಹೆಸರು, ಮನೆತನ, ವಿದ್ಯೆ, ಹುದ್ದೆ ಇವನ್ನೆಲ್ಲ ಒಂದೊಂದಾಗಿ ಕಳಚಿಟ್ಟ ಮೇಲೆ ಉಳಿಯುವವನು ಯಾರು ಎಂಬ ಪ್ರಶ್ನೆಗೆ ಆ ಚೀಟಿಯಲ್ಲಿ ಉತ್ತರವಿಲ್ಲ. ಬಾಗಿಲ ಮೇಲಿನ ಫಲಕದಲ್ಲಿ 'ನಿವೃತ್ತ' ಎಂದು ಬರೆಸಿಯಾದರೂ ಹಳೆಯ ಹುದ್ದೆಯನ್ನು ಉಳಿಸಿಕೊಳ್ಳುವ ನನ್ನಂಥವರಿಗೆ ಈ ಪ್ರಶ್ನೆ ಸ್ವಲ್ಪ ಕಹಿಯಾದದ್ದೇ. ಕ್ರೈಸ್ತಧರ್ಮ ಇದಕ್ಕೆ ಕೊಡುವ ಉತ್ತರ ಹೀಗಿದೆ: ಮನುಷ್ಯನ ನಿಜವಾದ ಗುರುತು ಅವನು ಗಳಿಸಿದ್ದರಲ್ಲಿಲ್ಲ, ಅವನನ್ನು ಕರೆದ ದೇವರಲ್ಲಿದೆ. ಹೇಳುವುದಕ್ಕೆ ಇದು ಸುಲಭ. ಇದಕ್ಕೆ ತೆರಬೇಕಾದ ಬೆಲೆಯನ್ನು ತಿಳಿಯಬೇಕಾದರೆ ಕನ್ನಡನಾಡಿನಲ್ಲಿಯೇ ಬಾಳಿದ ಒಬ್ಬರ ಕಡೆಗೆ ನೋಡಬೇಕು.

ಆನಂದರಾವ್ ಕೌಂಡಿನ್ಯರು ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ 1825ರಲ್ಲಿ ಹುಟ್ಟಿದವರು. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗರ ಪ್ರಭಾವಕ್ಕೆ ಎಳೆಯ ವಯಸ್ಸಿನಲ್ಲೇ ಒಳಗಾದರು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ, ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಆ ಮೋಗ್ಲಿಂಗರೇ ಇವರು. ಮರುವರ್ಷ, 1844ರ ಜನವರಿ 6ರಂದು, ಆನಂದರಾಯರು ಇನ್ನಿಬ್ಬರು ತರುಣರೊಡನೆ ಕ್ರೈಸ್ತದೀಕ್ಷೆ ಪಡೆದರು. ಆ ಕಾಲದಲ್ಲಿ ಇದರ ಅರ್ಥವೇನೆಂದು ಇಂದು ಊಹಿಸುವುದು ಕಷ್ಟ. ಜಾತಿ ಹೋಯಿತೆಂದರೆ ಮನೆಯ ಪಂಕ್ತಿ ಹೋಯಿತು, ಬಂಧುಬಳಗ ಹೋಯಿತು. ಕೈಹಿಡಿದ ಹೆಂಡತಿ ಜೊತೆಯಲ್ಲಿ ಬರಲಿಲ್ಲ. ಮತಾಂತರದಿಂದ ಪಿತ್ರಾರ್ಜಿತದ ಹಕ್ಕು ನಷ್ಟವಾಗಕೂಡದೆಂಬ ಕಾಯಿದೆ ದೇಶಕ್ಕೆಲ್ಲ ಬಂದದ್ದು 1850ರಲ್ಲಿ. ಅಂದರೆ ಹತ್ತೊಂಬತ್ತರ ಆಸುಪಾಸಿನ ಆ ತರುಣ, ತಾನು ಇಂಥವನೆಂದು ತೋರಿಸಿಕೊಳ್ಳಲು ಊರಿನಲ್ಲಿದ್ದ ಎಲ್ಲ ಆಧಾರಗಳನ್ನೂ ಒಂದೇ ದಿನದಲ್ಲಿ ಪಣಕ್ಕೊಡ್ಡಿದ.

ಅವರ ಹೆಸರನ್ನು ಗಮನಿಸಬೇಕು: ಹೆರ್ಮನ್ ಆನಂದರಾವ್ ಕೌಂಡಿನ್ಯ. ಮೊದಲನೆಯದು ಗುರುವಿನದು, ಎರಡನೆಯದು ತಂದೆತಾಯಿ ಇಟ್ಟದ್ದು, ಮೂರನೆಯದು ಗೋತ್ರದ್ದು. ದೀಕ್ಷೆಯಿಂದ ಹಳೆಯ ಮನುಷ್ಯ ಸತ್ತು ಹೊಸಬ ಹುಟ್ಟುತ್ತಾನೆ ಎನ್ನುವ ಧರ್ಮಕ್ಕೆ ಸೇರಿದವರು ಗೋತ್ರದ ಹೆಸರನ್ನು ಏಕೆ ಇಟ್ಟುಕೊಂಡರು? ನನಗೆ ತೋರುವುದು ಹೀಗೆ. ಗೋತ್ರವನ್ನೇ ಊರುಗೋಲಾಗಿ ಹಿಡಿದವನಿಗೆ ಅದನ್ನು ಬಿಟ್ಟರೆ ಬೀಳುವ ಭಯ. ಬೇರೊಂದು ನೆಲೆ ಸಿಕ್ಕಿದವನಿಗೆ ಅದು ಭಾರವೂ ಅಲ್ಲ, ಆಸರೆಯೂ ಅಲ್ಲ, ಹೆಸರು ಮಾತ್ರ.

ಸಂತ ಪೌಲನ ಕಥೆಯೂ ಇದೇ ಜಾತಿಯದು. ಫಿಲಿಪ್ಪಿಯವರಿಗೆ ಸೆರೆಯಿಂದ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಅವನು ತನ್ನ ಕುಲ, ವಂಶ, ಧರ್ಮನಿಷ್ಠೆಗಳನ್ನು ಪಟ್ಟಿಮಾಡಿ, ಅವೆಲ್ಲವನ್ನೂ ನಷ್ಟದ ಬಾಬಿಗೆ ಬರೆದುಬಿಡುತ್ತಾನೆ. ಇನ್ನೂ ಸ್ವಾರಸ್ಯವಾದದ್ದು ನಾಲ್ಕನೆಯ ಅಧ್ಯಾಯ. ಅಲ್ಲಿ ಅವನು 'ಔತಾರ್ಕೆಸ್' ಎಂಬ ಗ್ರೀಕ್ ಪದವನ್ನು ಬಳಸುತ್ತಾನೆ. ತನಗೆ ತಾನೇ ಸಾಕಾದವನು ಎಂದು ಅದರ ಅರ್ಥ. ಸ್ಟೋಯಿಕ್ ತತ್ತ್ವಜ್ಞಾನಿಗಳಿಗೆ ಇದು ತೀರ ಪ್ರಿಯವಾದ ಪದ. ಹೊರಗಿನ ಯಾವುದನ್ನೂ ಬೇಡದವನೇ ಅವರ ಪಾಲಿಗೆ ಜ್ಞಾನಿ. ಪೌಲನೂ ಮೊದಲು ಅವರಂತೆಯೇ ಮಾತನಾಡುತ್ತಾನೆ: ಉಂಡರೂ ಉಪವಾಸವಿದ್ದರೂ ತನಗೆ ಒಂದೇ ಎನ್ನುತ್ತಾನೆ. ಕೂಡಲೇ ಮಾತು ತಿರುಗುತ್ತದೆ. ಈ ಶಕ್ತಿ ತನ್ನದಲ್ಲ, ಬಲ ಕೊಡುವವನು ಬೇರೊಬ್ಬನಿದ್ದಾನೆ ಎನ್ನುತ್ತಾನೆ. ಅಷ್ಟಕ್ಕೇ ನಿಲ್ಲದೆ, ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಕಳುಹಿಸಿದ ಸಹಾಯ ಬಂದು ಮುಟ್ಟಿತೆಂದು ಸಂತೋಷದಿಂದ ತಿಳಿಸುತ್ತಾನೆ. ಸ್ಟೋಯಿಕ್ ಜ್ಞಾನಿಯಾಗಿದ್ದರೆ ಇಲ್ಲಿ ಸ್ವಲ್ಪ ಸಂಕೋಚಪಡುತ್ತಿದ್ದನೇನೋ. ದೇವರಿಂದ ಪಡೆದವನಿಗೆ ಮನುಷ್ಯರಿಂದ ಪಡೆಯುವುದರಲ್ಲಿ ಅವಮಾನವಿಲ್ಲ.

ವ್ಯಾಸರಾಯರ ಸಭೆಯಲ್ಲಿ 'ನಾನು' ಎಂಬ ಮಾತಿನ ಮೇಲೆ ಕನಕದಾಸರು ಆಡಿದರೆನ್ನುವ ಚಮತ್ಕಾರದ ನುಡಿ ನಿಮಗೆ ನೆನಪಾಗುತ್ತಿರಬಹುದು. ಎರಡಕ್ಕೂ ಹತ್ತಿರದ ನಂಟಿದೆ. ಆದರೂ ಒಂದು ಸೂಕ್ಷ್ಮ ವ್ಯತ್ಯಾಸವುಂಟು. ಪೌಲನಲ್ಲಿ 'ನಾನು' ಕರಗಿ ಇಲ್ಲವಾಗುವುದಿಲ್ಲ. ಪಡೆಯುವ ಕೈಯಾಗಿ ಉಳಿಯುತ್ತದೆ. ಅವನ ಪತ್ರಗಳಲ್ಲಿ ಅವನ ಕೋಪ, ಹಠ, ಅಕ್ಕರೆಗಳೆಲ್ಲ ಹಾಗೆಯೇ ಇವೆ.

ಇಲ್ಲೊಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ದೇವರನ್ನು ಆಶ್ರಯಿಸು ಎಂಬ ಮಾತು ಕಾರ್ಯತಃ ಮಿಷನ್ನನ್ನು ಆಶ್ರಯಿಸು ಎಂದಾಗಲಿಲ್ಲವೆ? ಆಯಿತು, ಎಷ್ಟೋ ಮಟ್ಟಿಗೆ. ದೀಕ್ಷೆ ಪಡೆದು ಕಸುಬು ಕಳೆದುಕೊಂಡವರಿಗಾಗಿ ಬಾಸೆಲ್ ಮಿಷನ್ ಮಗ್ಗಗಳನ್ನು ಹೂಡಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಅನ್ನ ಕೊಡುವವನೂ ಉಪದೇಶ ಕೊಡುವವನೂ ಒಬ್ಬನೇ ಆದರೆ ಭಕ್ತಿ ಯಾವುದು, ಋಣ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಆದರೆ 1914ರಲ್ಲಿ ಮಹಾಯುದ್ಧ ಬಂದಿತು. ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು ಆಮೇಲೆ ಹೊರಗೆ ಕಳುಹಿಸಿತು. ಕಾರ್ಖಾನೆಗಳು ಬೇರೆಯವರ ವಶವಾದವು. ಅನ್ನಕ್ಕಾಗಿಯೇ ಕೂಡಿದ ಸಭೆಯಾಗಿದ್ದರೆ ಅಂದೇ ಚದುರಬೇಕಿತ್ತು. ಚದುರಲಿಲ್ಲ. ಕರಾವಳಿಯಲ್ಲಿ ಆ ಸಭೆಗಳು ಇಂದಿಗೂ ಇವೆ.

ಕೌಂಡಿನ್ಯರು 1846ರಿಂದ 1851ರ ವರೆಗೆ ಬಾಸೆಲಿನಲ್ಲಿ ಓದಿ, ಗುರುಪಟ್ಟ ಪಡೆದು ಹಿಂದಿರುಗಿದರು. ಮುಂದೆ ಮಂಗಳೂರಿನಲ್ಲಿ ದೇವಜ್ಞಾನವನ್ನು ಕಲಿಸುವ ಅಧ್ಯಾಪಕರಾದರು. ಯುರೋಪಿನ ಪಾದ್ರಿಗಳಿಗೆ ಸಮನಾದ ಸ್ಥಾನ ಅವರಿಗೆ ದೊರೆಯಿತು. ಗುರುತಿಗೆ ಇಷ್ಟು ಸಾಕಿತ್ತು. ಹೊಸ ಪಂಕ್ತಿಯಲ್ಲಿ ಮೇಲಿನ ಮಣೆ ಸಿಕ್ಕಿತ್ತು. ಹಾಗಿದ್ದೂ ಅವರು ಕೊಡಗಿನ ಕಡೆಗೆ ಮನಸ್ಸು ಕೊಟ್ಟರು. ಅಲ್ಲಿ ಅಸ್ಪೃಶ್ಯರೆನಿಸಿಕೊಂಡು ಒಡೆಯರ ಗದ್ದೆಗಳಲ್ಲಿ ಜೀತಕ್ಕಿದ್ದ ಕುಟುಂಬಗಳು ಕ್ರೈಸ್ತರಾದಾಗ ನಿಲ್ಲಲು ನೆಲವಿರಲಿಲ್ಲ. ಕೌಂಡಿನ್ಯರು ತಮ್ಮ ಹಣವನ್ನೇ ಹಾಕಿದರು. ಆನಂದಪುರವೆಂಬ ಕಾಫಿ ತೋಟದ ನೆಲೆ ಎದ್ದಿತು. ಕೌಂಡಿನ್ಯ ಗೋತ್ರದವರ ದುಡ್ಡಿನಲ್ಲಿ ಜೀತದಾಳುಗಳು ಗಿಡ ನೆಟ್ಟರು. ಕಿಟ್ಟೆಲರ ನಿಘಂಟು ಹೊರಬರುವುದಕ್ಕೆ ಒಂದು ವರ್ಷ ಮೊದಲು, 1893ರಲ್ಲಿ, ಅವರು ತೀರಿಕೊಂಡರು, ಆ ಮೂರು ಹೆಸರುಗಳೊಡನೆಯೇ.